ಆರುನೂರು ವರ್ಷದ ಹೊಸಕಟ್ಟೆ

ಇಟಲಿ ದೇಶದ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತಗಳು ಪೂರ್ತಿ ತಲೆಯೆತ್ತುವುದಕ್ಕೆ ಮೊದಲೇ ಸಿಗುವ ಒಂದು ಕಣಿವೆಯಲ್ಲಿ, ಸಾಸಾಲ್ತೊ ಎಂಬ ಪುಟ್ಟ ಊರು ಕಡಿದಾದ ಬಂಡೆಗುಡ್ಡದ ನೆತ್ತಿಯ ಮೇಲೆ ಕೂತಿದೆ. ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಡು, ಮಾಡಿನ ಮೇಲೆ ಮತ್ತೆ ಗಾಳಿಗೆ ಹಾರದಿರಲೆಂದು ಇಟ್ಟ ಕಲ್ಲು. ಕೆಳಗೆ ಹೊಳೆಯ ಬದಿಯಲ್ಲಿ ಪಿಯಾನೋರಾ ಎಂಬ ಇನ್ನೊಂದು ಊರು. ಎರಡನ್ನೂ ಜೋಡಿಸುವ ಹಳೆಯ ಕಾಲುದಾರಿಯಲ್ಲಿ ಇವತ್ತಿಗೂ ಹನ್ನೆರಡು ಕಟ್ಟೆಗಳಿವೆ. ನಮ್ಮ ಕಡೆ ಹಳೆಯ ದಾರಿಗಳ ಪಕ್ಕದಲ್ಲಿ ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲುಗಳಿರುತ್ತವಲ್ಲ, ಅದೇ ಕೆಲಸದ ಕಟ್ಟೆಗಳು ಇವು. ಆದರೆ ಅಲ್ಲಿನವರು ಹೊರೆಯನ್ನು ತಲೆಯ ಮೇಲಲ್ಲ, ಬೆನ್ನಿಗೆ ಕಟ್ಟಿದ ಉದ್ದನೆಯ ಬುಟ್ಟಿಯಲ್ಲಿ ಹೊರುತ್ತಿದ್ದುದರಿಂದ ಕಟ್ಟೆಗಳು ಸೊಂಟದೆತ್ತರಕ್ಕಿವೆ. ಹೊತ್ತವರು ಹಿಂತಿರುಗಿ ನಿಂತು ಬುಟ್ಟಿಯ ತಳವನ್ನು ಕಲ್ಲಿಗೆ ತಾಗಿಸಿದರೆ ಸಾಕು, ಹೆಗಲ ಪಟ್ಟಿ ಬಿಚ್ಚದೆಯೇ ಭಾರ ಇಳಿಯುತ್ತದೆ. ಹನ್ನೆರಡರಲ್ಲಿ ಹನ್ನೊಂದು ಕಟ್ಟೆಗಳ ಮೇಲ್ಗಲ್ಲು ತಲೆತಲಾಂತರದ ಬುಟ್ಟಿಗಳು ಉಜ್ಜಿ ಉಜ್ಜಿ ಹಿಟ್ಟು ನಾದುವ ಮರಿಗೆಯ ಹಾಗೆ ತಗ್ಗಾಗಿದೆ. ಕೆಳಗಿನಿಂದ ಹತ್ತುವವರಿಗೆ ಮೊಟ್ಟಮೊದಲು ಸಿಗುವ, ಅಕ್ರೋಟಿನ ಮರದ ನೆರಳಿನ, ಪಕ್ಕದಲ್ಲೇ ತಣ್ಣನೆಯ ಒರತೆಯಿರುವ ಕಟ್ಟೆ ಮಾತ್ರ ಹಾಗಿಲ್ಲ. ಅದರ ಮೇಲೆ ಚಾಣದ ಗುರುತುಗಳು ನಿನ್ನೆ ಮೊನ್ನೆ ಕೆತ್ತಿದಷ್ಟು ಚೂಪಾಗಿವೆ. ಅದರ ಹೆಸರು ‘ಪೋಸಾ ನುವೊವಾ’, ಅಂದರೆ ಹೊಸಕಟ್ಟೆ. ಎಷ್ಟು ಹೊಸದು ಎಂದು ಕೇಳಿದರೆ ಊರವರು ಒಂದಿಷ್ಟೂ ನಗದೆ ಆರುನೂರು ವರ್ಷದ್ದು ಎನ್ನುತ್ತಾರೆ.

ಕೇಳಿದವರು ನಗುತ್ತಾರೆ. ನಗಲಿ. ಈ ಹೆಸರು ಹೇಗೆ ಬಂತೆಂದು ತಿಳಿಯಬೇಕಾದರೆ ಮೊದಲು ಸಾಸಾಲ್ತೊದ ಮಣ್ಣಿನ ಸಂಗತಿ ತಿಳಿಯಬೇಕು. ಆ ಗುಡ್ಡದ ಮೇಲೆ ಹುಟ್ಟಿದ ಮಣ್ಣು ಒಂದು ಹಿಡಿಯೂ ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ, ಕೆಳಗಿನ ಬಯಲಲ್ಲಿ ದಂಡುಗಳ ಹಾವಳಿ ತಾಳಲಾರದೆ ಹದಿನಾಲ್ಕು ಮನೆಯವರು ಈ ಬಂಡೆಯ ಮೇಲೆ ಹತ್ತಿ ಕೂತರು. ಕೂತವರಿಗೆ ಹೊಟ್ಟೆಯಿತ್ತು, ನೆಲವಿರಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ, ಅದಕ್ಕೆ ತುಂಬುವ ಮಣ್ಣನ್ನು ದೂರದ ಚೆಸ್ಟ್‌ನಟ್ ಕಾಡಿನಿಂದ ಬೆನ್ನ ಮೇಲೆ ಹೊತ್ತು ತಂದರು. ದ್ರಾಕ್ಷಿ ಬಳ್ಳಿ ನೆಟ್ಟರು, ರೈ ಧಾನ್ಯ ಬಿತ್ತಿದರು. ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಮಣ್ಣು ಒಡ್ಡು ದಾಟಿ ಕೆಳಗಿಳಿಯುತ್ತಿತ್ತು. ಪ್ರತಿ ವಸಂತದಲ್ಲೂ ಹೆಂಗಸರು ಅದನ್ನು ಬುಟ್ಟಿಗೆ ತುಂಬಿ ಮತ್ತೆ ಮೇಲಕ್ಕೆ ಹೊರುತ್ತಿದ್ದರು. ಸತ್ತವರನ್ನು ಹೂಳುವ ಜಾಗವೂ ಹೊತ್ತು ತಂದ ಮಣ್ಣಿನದೇ. ಒಬ್ಬರು ಸತ್ತರೆ ಆ ಮನೆಯವರು ಅಳುತ್ತಲೇ ಬುಟ್ಟಿ ಬೆನ್ನಿಗೇರಿಸಬೇಕಿತ್ತು.

ಇಷ್ಟು ಕಷ್ಟದ ಮಣ್ಣಿಗೆ ಜಗಳ ಬರದೆ ಇರುತ್ತದೆಯೇ? ಅದಕ್ಕಾಗಿ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಬುಟ್ಟಿ ಯಾರ ನೆಲದ ಮೇಲೆ ಕೂರುತ್ತದೋ ಅದರಲ್ಲಿನ ಮಣ್ಣು ಆ ನೆಲದ್ದು. ದಾರಿಯಲ್ಲಿ ಸುಸ್ತಾಗಿ ಪಕ್ಕದವರ ಹೊಲದ ಅಂಚಿಗೆ ಒಂದು ಗಳಿಗೆ ಇಳಿಸಿದರೂ ಸರಿ, ಅಲ್ಲಿಯೇ ಸುರಿದು ಖಾಲಿ ಬುಟ್ಟಿ ಹೊತ್ತು ಹೋಗಬೇಕು. ಹೀಗಾಗಿ ಸಾಸಾಲ್ತೊದ ಹೆಂಗಸರು ದಾರಿಯಲ್ಲಿ ಎದುರಾದರೆ ಎರಡು ಮಣ ಭಾರ ಹೊತ್ತುಕೊಂಡೇ ನಿಂತು ಮಾತಾಡುತ್ತಿದ್ದರು. ಆ ಊರಿನಲ್ಲಿ ಹರಟೆ ಇವತ್ತಿಗೂ ಚಿಕ್ಕದಾಗಿರುವುದಕ್ಕೆ ಅದೇ ಕಾರಣ ಎನ್ನುತ್ತಾರೆ. ಊರೊಟ್ಟಿನ ದಾರಿಯಲ್ಲಿ ಮಾತ್ರ, ಗಡಿಯ ಶಿಲುಬೆಕಲ್ಲು ದಾಟಿದ ಮೇಲೆ, ಹನ್ನೊಂದು ಕಟ್ಟೆಗಳನ್ನು ಊರೇ ಕಟ್ಟಿಸಿತ್ತು. ಅಲ್ಲಿ ಯಾರು ಬೇಕಾದರೂ ಭಾರ ಇಳಿಸಬಹುದಿತ್ತು. ಶಿಲುಬೆಕಲ್ಲಿನಿಂದ ಕೆಳಗಿನದು ಪಿಯಾನೋರಾದ ನೆಲ. ಅಲ್ಲಿ ಒಂದು ಕಟ್ಟೆಯೂ ಇರಲಿಲ್ಲ.

ಆರುನೂರು ವರ್ಷಗಳ ಹಿಂದೆ, ಒಂದು ನವೆಂಬರ್ ತಿಂಗಳಲ್ಲಿ, ಹನ್ನೊಂದು ದಿನ ಬಿಡದೆ ಮಳೆ ಹೊಯ್ದಿತು. ಹನ್ನೆರಡನೆಯ ದಿನ ಬೆಳಿಗ್ಗೆ ಗುಡ್ಡದ ದಕ್ಷಿಣದ ಒಡ್ಡುಗಳೆಲ್ಲ ಒಂದರ ಮೇಲೊಂದು ಕುಸಿದು, ಸಾಸಾಲ್ತೊದ ಮಣ್ಣು ಬಳ್ಳಿಬೇರು ಸಮೇತ ಕೆಳಗಿಳಿದು ಪಿಯಾನೋರಾದ ಹೊಲಗಳ ಮೇಲೆ ಬಿತ್ತು. ಹೊಳೆಬದಿಯ ಆ ಹೊಲಗಳದು ಬಿಳಿ ಮರಳುಮಣ್ಣು. ಅದರ ಮೇಲೆ ನೂರಾರು ವರ್ಷ ಸಗಣಿ, ಸೊಪ್ಪು, ಬೂದಿ ಉಂಡ ಗುಡ್ಡದ ಕರಿಮಣ್ಣು ರಾಶಿ ಬಿದ್ದದ್ದು ಯಾರ ಕಣ್ಣಿಗೂ ಮರೆಯಾಗುವಂತಿರಲಿಲ್ಲ. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಮೇಲೆ ನಿಂತು ಬಗ್ಗಿ ನೋಡಿದವರಿಗೆ ತಮ್ಮ ಅನ್ನವೇ ಎದ್ದು ಇನ್ನೊಬ್ಬರ ಅಂಗಳಕ್ಕೆ ಹೋಗಿ ಕೂತದ್ದು ಕಾಣಿಸುತ್ತಿತ್ತು.

ಪಿಯಾನೋರಾದ ಮುಖಂಡ ಲಾಂಫ್ರಾಂಕೊ ಕೆಟ್ಟವನೇನಲ್ಲ, ಬುದ್ಧಿವಂತ. ಅವನಿಗೆ ಆ ಕರಿಮಣ್ಣು ಬೇಕಿತ್ತು, ಅದನ್ನು ದುಡಿಯುವ ಕೈಗಳೂ ಬೇಕಿದ್ದವು. ಚಳಿಗಾಲ ಮುಗಿಯುವ ಹೊತ್ತಿಗೆ ಗುಡ್ಡ ಹತ್ತಿ ಬಂದು ಸಾಸಾಲ್ತೊದ ಸಭೆಯಲ್ಲಿ ಕೂತು ನಯವಾಗಿ ಮಾತಾಡಿದ. ನಿಮ್ಮ ಮಣ್ಣು ಇಡೀ ಚಳಿಗಾಲ ನಮ್ಮ ನೆಲದ ಮೇಲೆ ಕೂತಿದೆ, ನಿಮ್ಮದೇ ಕಟ್ಟಳೆಯಂತೆ ಅದು ನಮ್ಮದಾಯಿತು, ಸುಮ್ಮನೆ ಬೆನ್ನು ಮುರಿದುಕೊಳ್ಳುವುದೇಕೆ, ಇಳಿದು ಬನ್ನಿ, ಮನೆ ಕಟ್ಟಲು ಜಾಗ ಕೊಡುತ್ತೇನೆ, ನಮ್ಮ ಒಕ್ಕಲಾಗಿ ಉತ್ತುಕೊಂಡಿರಿ ಎಂದ. ಊರಿನ ಹಿರಿಯ ಗ್ವೀದೊ ತಲೆ ತಗ್ಗಿಸಿಕೊಂಡು ಕೇಳಿದ. ಅವನ ಮನೆಯಲ್ಲಿ ಹಿಟ್ಟು ಮುಗಿಯುತ್ತ ಬಂದಿತ್ತು; ಎಲ್ಲರ ಮನೆಯಲ್ಲೂ ಹಾಗೆಯೇ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನೂ ಬಾಯಿಬಿಟ್ಟು ಹೂಂ ಎನ್ನಲಿಲ್ಲ, ಒಬ್ಬನೂ ಊಹೂಂ ಎನ್ನಲಿಲ್ಲ. ಊರು ಖಾಲಿಯಾಗುವುದು ಹೀಗೆಯೇ.

ಆಗ ಸಭೆಯ ಹಿಂದಿನಿಂದ ಡೊನಾತಾ ಎದ್ದು ನಿಂತಳು. ಡೊನಾತಾ ಗ್ವೀದೊನ ಅಣ್ಣನ ಹೆಂಡತಿ, ವಿಧವೆ, ನಲವತ್ತಾರು ವರ್ಷದವಳು. ಒಂಬತ್ತನೆಯ ವಯಸ್ಸಿಗೆ ಬೆನ್ನಿಗೆ ಬುಟ್ಟಿ ಕಟ್ಟಿಸಿಕೊಂಡವಳು. ನಡು ಆಗಲೇ ಮುಂದಕ್ಕೆ ಬಾಗಿತ್ತು. ಅವಳ ಗಂಡ ಒಡ್ಡು ಕಟ್ಟುವಾಗ ಕಲ್ಲುರುಳಿ ಸತ್ತಿದ್ದ. ಎರಡು ಮಕ್ಕಳು ಒಂದೇ ವಾರದ ಜ್ವರದಲ್ಲಿ ಹೋಗಿದ್ದವು. ಮೂವರೂ ಗುಡ್ಡದ ಮೇಲೆ, ಅವಳೇ ಹೊತ್ತು ತಂದ ಮಣ್ಣಿನ ಕೆಳಗೆ ಮಲಗಿದ್ದರು. ಊರು ಇಳಿದು ಹೋದರೆ ಆ ಮೂರು ಗುಂಡಿಗಳಿಗೆ ವರ್ಷವರ್ಷ ಮಣ್ಣು ಹಾಕುವವರು ಯಾರು? ಎರಡು ಮಳೆಗಾಲ ಸಾಕು, ಬಂಡೆಯ ಮೇಲೆ ಎಲುಬು ಕಾಣಿಸಿಕೊಳ್ಳಲು. ಚಳಿಗಾಲವಿಡೀ ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಅದೊಂದೇ. ಹೆಂಗಸರು ಸಭೆಯಲ್ಲಿ ಮಾತಾಡುವ ರೂಢಿ ಇರಲಿಲ್ಲ. ಆದರೆ ಅವಳು ಬೆನ್ನ ಮೇಲೆ ಬುಟ್ಟಿ ಹೊತ್ತುಕೊಂಡೇ ಬಂದಿದ್ದಳು. ಬುಟ್ಟಿ ಹೊತ್ತವರನ್ನು ಕೂತ್ಕೊ ಎನ್ನುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

“ಕಟ್ಟಳೆ ಏನು ಹೇಳುತ್ತೆ? ಬುಟ್ಟಿ ಕೂತ ಜಾಗ ಅಂತ ತಾನೇ?” ಎಂದಳು ಡೊನಾತಾ. “ನಮ್ ಮಣ್ಣು ಬುಟ್ಟೀಲಿ ಹೋಗಿ ಕೂತಿಲ್ಲಪ್ಪ. ಕಾಲು ಜಾರಿ ಬಿದ್ದಿದೆ. ಬಿದ್ದೋರನ್ನ ಎತ್ಕೊಂಡು ಬರ್ತಾರೆ, ಬಿದ್ದಲ್ಲೇ ಬಿಟ್ಟು ಬರಲ್ಲ.”

ಲಾಂಫ್ರಾಂಕೊ ಅದನ್ನು ಒಪ್ಪಲಿಲ್ಲ. ವಾದ ಹೊಳೆಯ ಆಚೆಯ ದಂಡೆಯ ಮಠದ ಹಿರಿಯ ಸನ್ಯಾಸಿಯ ಮುಂದೆ ಹೋಯಿತು. ಎರಡೂ ಊರಿನವರು ಅವರ ಮಾತನ್ನು ಮೀರುತ್ತಿರಲಿಲ್ಲ. ಆ ಮುದುಕ ಸನ್ಯಾಸಿಗಳು ಇಬ್ಬರ ಮಾತನ್ನೂ ಕೇಳಿ, ಕಟ್ಟಳೆಯನ್ನೇ ಅಳತೆಗೋಲು ಮಾಡೋಣ ಎಂದರು. ಮಣ್ಣು ಬುಟ್ಟಿಯಲ್ಲಿ ಬಂದಿಲ್ಲವಾದರೆ ಬುಟ್ಟಿಯಲ್ಲಿ ಹೋಗಲಿ. ಮಾರ್ಚ್ ತಿಂಗಳ ಮೊದಲ ಶನಿವಾರ, ಮಠದ ಮುಂಜಾನೆಯ ಗಂಟೆಯಿಂದ ಸಂಜೆಯ ಗಂಟೆಯ ಒಳಗೆ, ಸಾಸಾಲ್ತೊದ ಹದಿನಾಲ್ಕು ಮನೆಗಳ ಹೆಸರಿನಲ್ಲಿ ಹದಿನಾಲ್ಕು ತುಂಬಿದ ಬುಟ್ಟಿಗಳು ಹೊಳೆಬದಿಯ ಹೊಲದಿಂದ ಹೊರಟು ಗಡಿಯ ಶಿಲುಬೆಕಲ್ಲು ದಾಟಬೇಕು. ಬೆನ್ನಿಗೇರಿದ ಬುಟ್ಟಿ ಪಿಯಾನೋರಾದ ನೆಲದಲ್ಲಿ ಎಲ್ಲಿಯೂ ಕೂರಬಾರದು. ಹದಿನಾಲ್ಕೂ ದಾಟಿದರೆ ಬಿದ್ದ ಮಣ್ಣು ಗುಡ್ಡದ್ದು; ಮುಂದೆಯೂ ಯಾವಾಗ ಬಿದ್ದರೂ ಗುಡ್ಡದವರು ಬಂದು ಒಯ್ಯಬಹುದು. ಒಂದು ಬುಟ್ಟಿ ಒಂದು ಸಲ ಕೂತರೂ ಎಲ್ಲವೂ ಪಿಯಾನೋರಾದ್ದು. ಹೊರುವವರು ಯಾರು ಎಂದು ಸನ್ಯಾಸಿಗಳು ಕೇಳಿದಾಗ ಗ್ವೀದೊ ನೆಲ ನೋಡಿದ. ಇಳಿದು ಹೋಗಲು ಆಗಲೇ ಮನಸ್ಸು ಮಾಡಿದ್ದ ಗಂಡಸರು ಸೋತು ನಗೆಗೀಡಾಗಲು ಸಿದ್ಧರಿರಲಿಲ್ಲ. ತಮ್ಮ ಹೆಂಡಿರನ್ನು ಹೊರಲೂ ಅವರು ಬಿಡಲಿಲ್ಲ. ನಾನೊಬ್ಬಳೇ ಸಾಕು ಎಂದಳು ಡೊನಾತಾ. ಹಾಗಾದರೆ ಒಬ್ಬಳದೇ ಬೆನ್ನು, ಬೇರೆ ಯಾರೂ ಬುಟ್ಟಿ ಮುಟ್ಟಕೂಡದು ಎಂದು ಲಾಂಫ್ರಾಂಕೊ ಮಾತು ಸೇರಿಸಿದ. ಸನ್ಯಾಸಿಗಳು ಒಪ್ಪಿದರು.

ಆ ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಲಾಂಫ್ರಾಂಕೊ ಸುಮ್ಮನೆ ಕೂರಲಿಲ್ಲ. ಕಲ್ಲುಕುಟಿಗರನ್ನು ಕರೆಸಿ, ಶಿಲುಬೆಕಲ್ಲಿಗೆ ಇಪ್ಪತ್ತೇ ಹೆಜ್ಜೆ ಕೆಳಗೆ, ದಾರಿಯ ಅತಿ ಕಡಿದಾದ ತಿರುವಿನಲ್ಲಿ, ತನ್ನ ನೆಲದ ಮೇಲೆ ಒಂದು ಕಟ್ಟೆ ಕಟ್ಟಿಸಿದ. ಹತ್ತುವವರ ಮಂಡಿ ಕೈಕೊಡುವ ಜಾಗವೇ ಅದು. ಬುಟ್ಟಿ ಹೆಣೆಯುವವನನ್ನು ಕರೆದು ಡೊನಾತಾಳ ಬುಟ್ಟಿಯ ತಳ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆಂದು ಕೇಳಿ, ಬೆರಳಷ್ಟೂ ಹೆಚ್ಚುಕಡಿಮೆಯಾಗದಂತೆ ಕಟ್ಟಿಸಿದನಂತೆ. ಅವಳು ಬಗ್ಗುವುದೂ ಬೇಡ, ಹಿಂತಿರುಗಿ ನಿಂತರೆ ಸಾಕು. ಮೇಲೆ ಮರದ ನೆರಳು, ಪಕ್ಕದಲ್ಲಿ ಒರತೆಯ ನೀರು, ಕುಡಿಯಲು ಮಣ್ಣಿನ ಹೂಜಿ. ಕೇಳಿದವರಿಗೆಲ್ಲ, ಪಾಪ ಹೆಂಗಸು, ದಣಿವಾರಿಸಿಕೊಳ್ಳಲಿ ಅಂತ, ಎಂದ. ಇಷ್ಟು ಅಚ್ಚುಕಟ್ಟಾದ ದಯೆಯನ್ನು ಆ ಕಣಿವೆ ಅದಕ್ಕೆ ಮೊದಲು ಕಂಡಿರಲಿಲ್ಲ.

ಶನಿವಾರ ಮುಂಜಾನೆ ಗಂಟೆಯಾಯಿತು. ಡೊನಾತಾ ರಾಶಿಯ ಅಂಚಿನಲ್ಲಿ ಬುಟ್ಟಿ ನಿಲ್ಲಿಸಿ, ಗುದ್ದಲಿಯಿಂದ ಕರಿಮಣ್ಣು ತುಂಬಿ, ಮಂಡಿಯೂರಿ ಪಟ್ಟಿಗಳಿಗೆ ತೋಳು ತೂರಿಸಿ, ಒಂದು ಕೈ ನೆಲಕ್ಕೂರಿ ಎದ್ದಳು. ಮೊದಲ ಬುಟ್ಟಿಗೆ ಯಾವ ಕಷ್ಟವೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಪ್ರತಿ ಬುಟ್ಟಿ ಎತ್ತುವಾಗಲೂ ಯಾವ ಮನೆಯದೆಂದು ಹೆಸರು ಹೇಳುತ್ತಿದ್ದಳು; ಕೆಳಗೆ ಸನ್ಯಾಸಿಗಳು ಒಂದು ಕಡ್ಡಿ ಮುರಿದಿಡುತ್ತಿದ್ದರು. ಶಿಲುಬೆಕಲ್ಲಿನ ಆಚೆ ಮಣ್ಣು ಸುರಿದು ಖಾಲಿ ಬುಟ್ಟಿಯೊಂದಿಗೆ ಓಡುವ ಹಾಗೆ ಇಳಿಯುತ್ತಿದ್ದಳು. ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಗಡಿಯಲ್ಲಿ ನಿಂತರು. ಗಂಡಸರು ಮನೆಯೊಳಗೆ ಕೆಲಸವಿದ್ದವರಂತೆ ನಟಿಸುತ್ತ ಕಿಟಕಿಯಿಂದ ನೋಡುತ್ತಿದ್ದರು. ಲಾಂಫ್ರಾಂಕೊ ಕಟ್ಟೆಯ ಪಕ್ಕದಲ್ಲಿ ಕೂತಿದ್ದ. ಅವಳು ಹಾದುಹೋಗುವಾಗಲೆಲ್ಲ, “ಸ್ವಲ್ಪ ನೀರು ಕುಡಿಯಮ್ಮ” ಎನ್ನುತ್ತಿದ್ದ. ಅವಳು ಹೂಜಿಯ ಕಡೆ ತಿರುಗದೆ ಹತ್ತುತ್ತಿದ್ದಳು.

ಏಳನೆಯ ಬುಟ್ಟಿಯ ಹೊತ್ತಿಗೆ ಅವಳು ಪ್ರತಿ ಮೆಟ್ಟಿಲಿಗೂ ಮಂಡಿಗೆ ಕೈಯೂರಿ ಹತ್ತತೊಡಗಿದಳು. ಎಂಟನೆಯದಕ್ಕೆ ಹೆಗಲ ಮೇಲಿನ ಬಟ್ಟೆ ಹರಿದು ಪಟ್ಟಿ ಚರ್ಮಕ್ಕೆ ಇಳಿಯಿತು. ಆ ಕಾಲದಲ್ಲಿ ಬುಟ್ಟಿಯ ಪಟ್ಟಿಗಳನ್ನು ಹೊಳೆಬದಿಯ ನೀರುಗಡ್ಡಿ ಗಿಡದ ಬಳುಕುವ ಕೊಂಬೆಗಳ ಸೀಳುಗಳಿಂದ ಹೊಸೆಯುತ್ತಿದ್ದರು. ಒದ್ದೆಯಾದರೆ ಮೆತ್ತಗೆ, ಒಣಗಿದರೆ ಗರಗಸ. ತಿರುವಿಗೆ ಬಂದಾಗಲೆಲ್ಲ ಅವಳ ಬೆನ್ನು ತಾನಾಗಿಯೇ ಆ ಕಟ್ಟೆಯ ಕಡೆಗೆ ವಾಲುತ್ತಿತ್ತು. ಮೂವತ್ತೇಳು ವರ್ಷ ಕಟ್ಟೆ ಕಂಡಲ್ಲಿ ಭಾರ ಇಳಿಸಿ ರೂಢಿಯಾದ ಬೆನ್ನು. ಮನಸ್ಸಿಗೆ ಗಡಿ ಗೊತ್ತು, ಬೆನ್ನಿಗೇನು ಗೊತ್ತು? ಹತ್ತನೆಯ ಬುಟ್ಟಿಯೊಂದಿಗೆ ಬಂದಾಗ, ಸರಿಯಾಗಿ ಅಲ್ಲಿಯೇ, ಎಡಗಡೆಯ ಪಟ್ಟಿ ಚಟ್ಟೆಂದು ಹರಿಯಿತು. ಬುಟ್ಟಿ ಬಲಕ್ಕೆ ವಾಲಿತು. ಕಟ್ಟೆ ಒಂದು ಗೇಣಿನ ದೂರದಲ್ಲಿತ್ತು. ಡೊನಾತಾ ಎಡಗೈಯನ್ನು ಹಿಂದಕ್ಕೆ ತಿರುಚಿ ಬುಟ್ಟಿಯ ಅಂಚನ್ನು ಹಿಡಿದಳು, ಹಣೆ ಮಂಡಿಗೆ ತಾಗುವಷ್ಟು ಬಗ್ಗಿದಳು, ಹಾಗೆಯೇ ಆ ಇಪ್ಪತ್ತು ಹೆಜ್ಜೆ ಹತ್ತಿ ಗಡಿ ದಾಟಿ ಕುಸಿದಳು.

ಬುಟ್ಟಿಗೆ ಹೊಸ ಪಟ್ಟಿ ಹೊಸೆಯಲು ನೀರುಗಡ್ಡಿ ನೆನೆಹಾಕಬೇಕು, ಅದಕ್ಕೆ ಅರ್ಧ ದಿನ ಬೇಕು. ಗಡಿಯಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ತನ್ನ ಸೊಂಟದ ಉಣ್ಣೆಯ ದಾರ ಬಿಚ್ಚಿದಳು. ಅವಳನ್ನು ನೋಡಿ ಇನ್ನೊಬ್ಬಳು ಬಿಚ್ಚಿದಳು. ಒಂಬತ್ತು ಹೆಂಗಸರ ಸೊಂಟದ ದಾರಗಳನ್ನು ಜಡೆಯ ಹಾಗೆ ಹೆಣೆದು ಬುಟ್ಟಿಗೆ ಕಟ್ಟಿದರು. ಖಾಲಿ ಬುಟ್ಟಿಯನ್ನು ತಮ್ಮ ನೆಲದಲ್ಲಿ ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಸಾಸಾಲ್ತೊದಲ್ಲಿ ಇವತ್ತಿಗೂ ಬುಟ್ಟಿಯ ಪಟ್ಟಿಯನ್ನು ಬಣ್ಣಬಣ್ಣದ ಉಣ್ಣೆಯಲ್ಲಿ ಹೆಣೆಯುತ್ತಾರೆ. ಬೇರೆ ಊರುಗಳಲ್ಲಿ ಈ ಪದ್ಧತಿ ಇಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಬಿಸಿಲು ಪಡುವಣಕ್ಕೆ ವಾಲಿತ್ತು. ಇನ್ನೂ ನಾಲ್ಕು ಬುಟ್ಟಿ ಬಾಕಿ ಇದ್ದವು.

ಹನ್ನೆರಡನೆಯದು ಗ್ವೀದೊನ ಮನೆಯ ಬುಟ್ಟಿ. ಅವಳು ಅದನ್ನು ಹೊತ್ತು ತಿರುವಿಗೆ ಬಂದಾಗ ಮುಖ ಬಿಳಿಚಿತ್ತು, ಹೆಜ್ಜೆ ಅಡ್ಡಡ್ಡ ಬೀಳುತ್ತಿತ್ತು. ಕಿಟಕಿಯಲ್ಲಿ ನಿಂತು ನೋಡಲಾರದೆ ಗಡಿಗೆ ಬಂದಿದ್ದ ಗ್ವೀದೊ ಅದನ್ನು ಕಂಡು ತಡೆಯಲಾರದೆ ಇಳಿದು ಓಡಿದ. ಎರಡೂ ಕೈ ಚಾಚಿ ಬುಟ್ಟಿಯ ತಳಕ್ಕೆ ಕೊಡಲು ಹೋದ. ಲಾಂಫ್ರಾಂಕೊ ಥಟ್ಟನೆ ಎದ್ದು ನಿಂತ.

“ಕೈ ತೆಗಿ ಗ್ವೀದೊ!” ಎಂದು ಡೊನಾತಾ ಕೂಗಿದಳು. ಆ ದಿನ ಅವಳು ಎತ್ತರಿಸಿದ ದನಿ ಅದೊಂದೇ. “ಮುಟ್ಟಿದ್ರೆ ಎಲ್ಲಾ ಹೋಯ್ತು. ಮುಟ್ಬೇಡ ಕಣೋ.”

ಕೂದಲೆಳೆಯ ಅಂತರದಲ್ಲಿ ಗ್ವೀದೊನ ಕೈ ನಿಂತಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆದರೆ ಹಿಂತಿರುಗಿ ಹೋಗಲಿಲ್ಲ. ಅವಳ ಪಕ್ಕದಲ್ಲಿ, ಅವಳಷ್ಟೇ ಬಗ್ಗಿ, ಬೆನ್ನ ಮೇಲೆ ಏನೂ ಇಲ್ಲದೆ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹತ್ತಿದ. ಐವತ್ತು ವರ್ಷದ ಗಂಡಸು ಗೊಳೋ ಎಂದು ಅಳುತ್ತಿದ್ದ. ಹದಿಮೂರನೆಯ ಬುಟ್ಟಿಗೆ ಅವನ ಜೊತೆ ಇನ್ನೂ ಆರು ಜನ ಇಳಿದರು. ಹದಿನಾಲ್ಕನೆಯದಕ್ಕೆ ಊರಿಗೆ ಊರೇ ಹೊಳೆಬದಿಗೆ ಬಂತು. ಯಾರೂ ಅವಳನ್ನು ಮುಟ್ಟಲಿಲ್ಲ. ಹದಿನಾಲ್ಕನೆಯದು ಯಾವ ಮನೆಯದೆಂದು ಸನ್ಯಾಸಿಗಳು ಕೇಳಿದಾಗ ಡೊನಾತಾ ತನ್ನ ಗಂಡನ ಹೆಸರು ಹೇಳಿದಳು. ತನ್ನ ಮನೆಯದನ್ನು ಕೊನೆಗೆ ಉಳಿಸಿಕೊಂಡಿದ್ದಳು.

ತಿರುವಿಗೆ ಬಂದಾಗ ಅವಳು ನಿಂತಳು. ನಿಂತದ್ದಲ್ಲ, ಕಾಲು ಮುಂದಕ್ಕೆ ಹೋಗಲಿಲ್ಲ. ಬೆನ್ನ ಹಿಂದೆ ಕಟ್ಟೆ, ಎದುರಿಗೆ ಇಪ್ಪತ್ತು ಹೆಜ್ಜೆಯ ಏರು. ಮಠದ ಕಡೆ ಗಂಟೆಯ ಹಗ್ಗ ಹಿಡಿಯಲು ಹೋದವನು ಅಷ್ಟು ದೂರಕ್ಕೆ ಇರುವೆಯ ಗಾತ್ರಕ್ಕೆ ಕಾಣುತ್ತಿದ್ದ. ಬೆಳಗಿನಿಂದ ಅಲ್ಲಿಯೇ ಕೂತು ಅವಳನ್ನು ಹದಿಮೂರು ಸಲ ನೋಡಿದ್ದ ಲಾಂಫ್ರಾಂಕೊನ ಮುಖದಲ್ಲಿ ಆಗ ಉಪಾಯವಿರಲಿಲ್ಲ. ಅವನು ನಿಜವಾಗಿಯೂ ಹೆದರಿದ್ದ.

“ಕೂತ್ಕೊಳಮ್ಮ, ಸತ್ತೋಗ್ತೀಯ,” ಎಂದ. “ಒಂದ್ ಗಳಿಗೆ ಒರಗ್ಸು. ನಾನು ನೋಡಿಲ್ಲ ಅಂತೀನಿ.”

ಡೊನಾತಾ ಬಗ್ಗಿದ್ದ ತಲೆಯನ್ನು ಕಷ್ಟಪಟ್ಟು ಓರೆ ಮಾಡಿ ಕಟ್ಟೆಯನ್ನು ನೋಡಿದಳು. ಅದರ ನೇರವಾದ ಅಂಚು, ಚಾಣದ ಗುರುತು, ತನ್ನ ಬೆನ್ನಿಗೆ ಸರಿಯಾದ ಎತ್ತರ. ಕಲ್ಲುಕೆಲಸ ಬಲ್ಲ ಊರಿನವಳು, ಕೆಲಸ ಒಳ್ಳೆಯದೆಂದು ಅವಳಿಗೆ ಗೊತ್ತಾಯಿತು.

“ಚೆನ್ನಾಗ್ ಕಟ್ಸಿದೀಯ,” ಎಂದಳು. “ಹೊಸದಾಗೇ ಇರ್ಲಿ ಬಿಡು.”

ಆಮೇಲೆ ಎರಡೂ ಕೈಗಳನ್ನು ಮುಂದಕ್ಕೆ ನೆಲಕ್ಕೂರಿದಳು. ಕಾಲು ಬಾರದಿದ್ದರೆ ಮಂಡಿ ಇತ್ತು. ಬೆನ್ನನ್ನು ಸಮವಾಗಿಟ್ಟುಕೊಂಡು, ಮಗು ಅಂಬೆಗಾಲಿಡುವ ಹಾಗೆ, ಒಂದೊಂದೇ ಮೆಟ್ಟಿಲುಗಲ್ಲನ್ನು ಹತ್ತಿದಳು. ಹದಿನಾಲ್ಕು ಮನೆಯವರು ಹಿಂದೆಯೇ ಹತ್ತಿದರು. ಅವಳ ಕೈ ಶಿಲುಬೆಕಲ್ಲಿನ ಆಚೆಯ ನೆಲ ಮುಟ್ಟಿ, ಮಂಡಿ ಮುಟ್ಟಿ, ಹಿಂದಿನ ಪಾದವೂ ಒಳಗೆ ಬಂದ ಮೇಲೆ ಮಠದ ಗಂಟೆ ಮೊಳಗಿತು. ಹೆಂಗಸರು ಓಡಿ ಬಂದು ಬುಟ್ಟಿಗೆ ಕೈಹಾಕಿದರೆ ಅವಳು ಬಿಡಲಿಲ್ಲ. ಬೇರೆಯವರ ಹದಿಮೂರು ಬುಟ್ಟಿಯನ್ನು ಗಡಿಯಲ್ಲಿ ಸುರಿದವಳು ಈ ಒಂದನ್ನು, ಹನ್ನೊಂದು ಕಟ್ಟೆಗಳಲ್ಲಿಯೂ ನಿಂತು ನಿಂತು, ಮೇಲಿನವರೆಗೆ ಹೊತ್ತು ತನ್ನ ಮೂವರ ಗುಂಡಿಗಳ ಮೇಲೆ ಸುರಿದು ಅಂಗೈಯಿಂದ ಸವರಿದಳು. ಅಲ್ಲಿಯೇ ಮಲಗಿ ನಿದ್ದೆಹೋದಳು. ಯಾರೋ ಕಂಬಳಿ ತಂದು ಹೊದಿಸಿದರು.

ಊರು ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ಬುಟ್ಟಿ ಹೊತ್ತು ಹೊಳೆಬದಿಗೆ ಹೋದರು. ಅದುವರೆಗೆ ಮಣ್ಣು ಹೊರುವುದು ಹೆಂಗಸರ ಕೆಲಸವೆಂದುಕೊಂಡಿದ್ದ ಗ್ವೀದೊ ಎಲ್ಲರಿಗಿಂತ ಮುಂದಿದ್ದ. ಮಣ್ಣು ಪೂರ್ತಿ ಮೇಲೇರಲು ಎರಡು ವಸಂತ ಬೇಕಾದವು. ಇನ್ನು ಎಲ್ಲಿ ಬೇಕಾದರೂ ದಣಿವಾರಿಸಿಕೊಳ್ಳಬಹುದಿತ್ತು, ಪಂಥ ಮುಗಿದಿತ್ತು. ಆದರೂ ಆ ತಿರುವಿನ ಕಟ್ಟೆಯ ಮೇಲೆ ಒಬ್ಬರೂ ಬುಟ್ಟಿ ತಾಗಿಸಲಿಲ್ಲ. ಯಾರೂ ಯಾರಿಗೂ ಹಾಗೆ ಮಾಡಬೇಡಿ ಎಂದು ಹೇಳಲಿಲ್ಲವಂತೆ. ಹೊಸದಾಗಿಯೇ ಇರಲಿ ಎಂದು ಅವಳು ಹೇಳಿದ್ದನ್ನು ಎಲ್ಲರೂ ಕೇಳಿದ್ದರು, ಅಷ್ಟೇ.

ಆರೇಳು ವರ್ಷಗಳ ಮೇಲೆ ಲಾಂಫ್ರಾಂಕೊನ ಒಬ್ಬಳೇ ಮಗಳು ಫ್ಯೋರಾ ಗ್ವೀದೊನ ಮಗನನ್ನು ಮೆಚ್ಚಿ ಮದುವೆಯಾಗಿ ಗುಡ್ಡ ಹತ್ತಿದಳು. ತಂದೆಗೆ ಇಷ್ಟವಿರಲಿಲ್ಲ. ನನ್ನ ಮಗಳು ಕತ್ತೆಯ ಹಾಗೆ ಮಣ್ಣು ಹೊರಬೇಕೇ ಎಂದು ಕೊರಗಿದ. ಮೊದಲ ವಸಂತದಲ್ಲಿ ಫ್ಯೋರಾ ಬುಟ್ಟಿ ಬೆನ್ನಿಗೇರಿಸಿದ ದಿನ ಅವನು ಹೋಗಿ ತನ್ನ ಕಟ್ಟೆಯ ಪಕ್ಕದಲ್ಲಿ ಕೂತ. ರೂಢಿಯಿಲ್ಲದ ಮಗಳು ಬೆವರು ಸುರಿಸುತ್ತ, ಏದುತ್ತ ತಿರುವಿಗೆ ಬಂದಳು. ಮುದುಕ ಎದ್ದು, ತಲೆಯ ಟೋಪಿ ತೆಗೆದು, ಅದರಿಂದಲೇ ಕಟ್ಟೆಯ ಮೇಲಿನ ತರಗೆಲೆ ಒರೆಸಿ, “ಬಾ ಮಗಳೇ, ಇಲ್ಲಿ ಇಳಿಸು, ಈಗ ಯಾರೂ ಏನೂ ಅನ್ನಲ್ಲ” ಎಂದ. ಫ್ಯೋರಾ ತಂದೆಯ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

“ಇಪ್ಪತ್ತೇ ಹೆಜ್ಜೆ ಅಲ್ವೇನಪ್ಪ,” ಎಂದು ಹೇಳಿ ಹತ್ತಿ ಹೋದಳು.

ಲಾಂಫ್ರಾಂಕೊ ಟೋಪಿಯನ್ನು ತಲೆಗೇರಿಸಿಕೊಳ್ಳದೆಯೇ ಊರಿಗೆ ಇಳಿದ ಎನ್ನುತ್ತಾರೆ. ಆಮೇಲೆ ಪಿಯಾನೋರಾದವರಿಗೆ ಆ ಕಟ್ಟೆಯನ್ನು ಕೀಳಬೇಡಿ, ಆದರೆ ಅದರ ಮೇಲೆ ನೀವೂ ಏನನ್ನೂ ಇಡಬೇಡಿ ಎಂದು ಹೇಳಿದವನು ಅವನೇ. ಕಟ್ಟಿಸಿದವನೇ ಹಾಗೆ ಹೇಳಿದ ಮೇಲೆ ಎರಡೂ ಊರುಗಳಿಗೆ ಅದೇ ಕಟ್ಟಳೆಯಾಯಿತು. ಡೊನಾತಾ ಆ ಶನಿವಾರದ ಮೇಲೆ ಇನ್ನೂ ಹನ್ನೊಂದು ವರ್ಷ ಬದುಕಿದಳು, ಹತ್ತು ವರ್ಷ ಹೊತ್ತಳು. ಅವಳು ಸತ್ತಾಗ ಅವಳ ಗುಂಡಿಗೆ ಬೇಕಾದ ಮಣ್ಣನ್ನು ಮನೆಗೊಂದು ಬುಟ್ಟಿಯಂತೆ ತಂದರು. ಹದಿನಾಲ್ಕು ಬುಟ್ಟಿಗಳ ಜೊತೆ ಕೆಳಗಿನಿಂದ ಹದಿನೈದನೆಯ ಬುಟ್ಟಿಯೊಂದು ಬಂತು. ಅದರಲ್ಲಿ ಬಿಳಿ ಮರಳುಮಣ್ಣಿತ್ತು. ಹೊತ್ತು ತಂದ ಲಾಂಫ್ರಾಂಕೊಗೆ ಆಗ ಎಪ್ಪತ್ತು ದಾಟಿತ್ತು. ಅವನೂ ತಿರುವಿನಲ್ಲಿ ನಿಲ್ಲಲಿಲ್ಲ.

ಈಗ ಸಾಸಾಲ್ತೊಗೆ ಹಿಂದುಗಡೆಯಿಂದ ಡಾಂಬರು ರಸ್ತೆಯಿದೆ, ದಿನಕ್ಕೆರಡು ಸಲ ಬಸ್ಸೂ ಬರುತ್ತದೆ. ಮಣ್ಣನ್ನು ಟ್ರ್ಯಾಕ್ಟರ್ ಹೊರುತ್ತದೆ. ಆದರೂ ಮಾರ್ಚ್ ತಿಂಗಳ ಮೊದಲ ಶನಿವಾರ ಮನೆಗೊಬ್ಬರು ಬುಟ್ಟಿ ಹೊತ್ತು ಹಳೆಯ ದಾರಿಯಲ್ಲಿ ಹತ್ತುತ್ತಾರೆ. ಬೆಟ್ಟ ಹತ್ತಲು ಬರುವ ಪ್ರವಾಸಿಗಳು ಬೆನ್ನುಚೀಲದ ಭಾರಕ್ಕೆ ಸುಸ್ತಾಗಿ, ತಿರುವಿನಲ್ಲಿ ನೆರಳು ಕಂಡು, ನೀರು ಕಂಡು, ಸರಿಯಾದ ಎತ್ತರದ ಕಲ್ಲು ಕಂಡು ಹಿಂತಿರುಗಿ ನಿಲ್ಲುವುದುಂಟು. ಆಗ ಮೇಲಿನ ಮನೆಯ ಕಿಟಕಿಯಿಂದ ಯಾರಾದರೊಬ್ಬರು, ಊಟ ಮಾಡುತ್ತಿದ್ದರೂ ಎದ್ದು ಬಂದು, “ಅಲ್ಲಿ ಬೇಡ, ಇನ್ನು ಇಪ್ಪತ್ತೇ ಹೆಜ್ಜೆ!” ಎಂದು ಕೂಗುತ್ತಾರೆ. ಕೂಗಿದ್ದು ಯಾವ ಭಾಷೆಯಲ್ಲಾದರೂ ಜನರಿಗೆ ಹೇಗೋ ಅರ್ಥವಾಗುತ್ತದೆ. ಚೀಲವನ್ನು ಸರಿಪಡಿಸಿಕೊಂಡು ಹತ್ತುತ್ತಾರೆ. ಅವರು ಹೋದ ಮೇಲೆ ನೋಡಿದರೆ ಅಕ್ರೋಟಿನ ಕೆಳಗಿನ ಕಲ್ಲಿನ ಮೇಲೆ ಚಾಣದ ಗುರುತುಗಳನ್ನು ಒಂದೊಂದಾಗಿ ಎಣಿಸಬಹುದು. ಒಂದೂ ಸವೆದಿಲ್ಲ.